ಉಳಿಸಿಬಿಟ್ಟ ಸಿಪಾಯಿ

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕಂಪ್ಯೂಟರಿನಲ್ಲಿ ಆಡುವ ಮೂರು ನಿಮಿಷದ ಚೆಸ್ಸು ಅದನ್ನು ಇನ್ನೂ ಕೆರಳಿಸಿತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಆಗ ನಾನು ಮುಳಬಾಗಿಲಿನಲ್ಲಿ ಡಿಗ್ರಿ ಓದುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ನಮ್ಮೂರು ಆವನಿಯ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಆ ಒಂದು ಗಂಟೆ ಬಸ್ ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ.

ಅಲ್ಲಿ ಎದುರಾಳಿ ಯಾವ ದೇಶದವನೋ ಏನೋ, ಮುಖ ಕಾಣುವುದಿಲ್ಲ. ಇಬ್ಬರಿಗೂ ಮೂರು ಮೂರು ನಿಮಿಷ. ಎಷ್ಟೇ ಚೆನ್ನಾಗಿ ಆಡುತ್ತಿರಿ, ನಿಮ್ಮ ಗಡಿಯಾರ ಸೊನ್ನೆಗೆ ಬಂದರೆ ಸೋತ ಹಾಗೆ. ಮೊದಲ ತಿಂಗಳು ನಾನು ಸೋತಿದ್ದೆಲ್ಲ ಹೀಗೆಯೇ. ಕೈಲಿ ಗೆಲ್ಲುವ ಆಟ ಇರುತ್ತಿತ್ತು, ಟೈಮು ಇರುತ್ತಿರಲಿಲ್ಲ. ಒಂದು ಸಲ ಮೌಸನ್ನು ಮೇಜಿಗೆ ಕುಕ್ಕಿ, ಅಂಗಡಿಯವನ ಕೈಲಿ ಬೈಸಿಕೊಂಡೆ.

ಆಮೇಲೆ ಬುದ್ಧಿ ಬಂತು. ಆಟಕ್ಕೆ ಮೊದಲು ಮೌಸಿನ ಗುಂಡು ತೆಗೆದು, ಒಳಗೆ ಮೆತ್ತಿದ ಕೊಳೆಯನ್ನು ಹೇರ್‌ಪಿನ್ನಿನಿಂದ ಕೆರೆಯುತ್ತಿದ್ದೆ. ಶುರುವಿನ ಎಂಟು ನಡೆಗಳನ್ನು ಬಾಯಿಪಾಠ ಮಾಡಿಕೊಂಡೆ. ಎದುರಾಳಿ ಯೋಚಿಸುವಾಗಲೇ ನನ್ನ ಮುಂದಿನ ನಡೆ ಹುಡುಕಿಡುವುದನ್ನು ಕಲಿತೆ. ಗೆದ್ದರೆ ಏರಿ ಸೋತರೆ ಇಳಿಯುವ ಅಂಕ, ಅಲ್ಲಿಯ ರೇಟಿಂಗು, ಮೆಲ್ಲಗೆ ಏರಿತು.

ಆಟ ಕಲಿಸಿದವಳು ಅತ್ತೆ, ಅಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇದ್ದಳು. ಜಗಲಿಯ ಮೇಲೆ ಚದುರಂಗದ ಹಾಸು ಹರಡಿ ಕೂತರೆ ಊರಿನ ಗಂಡಸರು ಅವಳ ಮುಂದೆ ಉಸಿರೆತ್ತುತ್ತಿರಲಿಲ್ಲ. ನಾನು ಸೋತು ಮುಖ ಊದಿಸಿಕೊಂಡರೆ “ಪೋನೀವೇ”, ಹೋಗಲಿ ಬಿಡೇ, ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಸಮಾಧಾನ ಹೇಳುವುದೆಲ್ಲ ತೆಲುಗಿನಲ್ಲೇ. ಅವಳ ಆಟದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎದುರಾಳಿಯ ಕೊನೆಯ ಕಾಯಿ ಹೊಡೆಯುವ ಹಾಗಿಲ್ಲ. ರಾಜ ಒಬ್ಬನೇ ಉಳಿದರೆ ಅದು ಅರ್ಧ ಗೆಲುವು, ಲೆಕ್ಕಕ್ಕಿಲ್ಲ. “ಒಂದ್ ಸಿಪಾಯಿನಾದ್ರೂ ಉಳ್ಸಿ ರಾಜನ್ನ ಕಟ್ಟಬೇಕು ಕಣೇ. ಒಂಟಿ ಆದೋನ್ನ ಅಟ್ಟಾಡ್ಸೋದೇನ್ ದೊಡ್ಡಸ್ತಿಕೆ?” ಹತ್ತು ವರ್ಷ ನಾನು ಹಾಗೆಯೇ ಆಡಿದ್ದೆ. ಸೈಬರಿಗೆ ಹೆಣ್ಣುಮಕ್ಕಳು ಹೋಗಬಾರದು ಎಂದು ಅಪ್ಪ ಕೂಗಾಡಿದಾಗ ಅವನ ಜೊತೆ ಎರಡು ದಿನ ಮಾತು ಬಿಟ್ಟು ಒಪ್ಪಿಸಿದವಳೂ ಅವಳೇ.

ಆ ವರ್ಷ ಕಾಲೇಜಿನಿಂದ ಬೆಂಗಳೂರಿನ ಪಂದ್ಯಕ್ಕೆ ಒಬ್ಬ ಹುಡುಗಿಯನ್ನು ಕಳಿಸುವುದಿತ್ತು. ನಾನು, ಇಲ್ಲ ಶ್ರೀನಿವಾಸಪುರದ ಮಾವಿನ ಮಂಡಿಯವರ ಮಗಳು. ಚೆಸ್ಸು ನೋಡಿಕೊಳ್ಳುತ್ತಿದ್ದ ಕೆಮಿಸ್ಟ್ರಿ ಮೇಷ್ಟ್ರಿಗೆ ಇಂಟರ್‌ನೆಟ್ಟಿನ ಹುಚ್ಚು ಹಿಡಿದಿತ್ತು. “ಶುಕ್ರವಾರ ಐದು ಗಂಟೆಗೆ ಯಾರ ರೇಟಿಂಗ್ ಜಾಸ್ತಿ ಇರತ್ತೋ ಅವ್ರು ಹೋಗ್ತಾರೆ, ಅಷ್ಟೇ” ಅಂದರು.

ಶುಕ್ರವಾರ ಮೂವರೂ ಸೈಬರ್ ಸೆಂಟರಿನಲ್ಲಿ ಸೇರಿದ್ದೆವು, ಐದಕ್ಕೆ ಎಂಟು ನಿಮಿಷ ಇತ್ತು. ಮಂಡಿಯವರ ಮಗಳು ಆಟ ಮುಗಿಸಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳಿಗೆ ನನಗಿಂತ ಎರಡೇ ಅಂಕ ಹೆಚ್ಚು. ನನಗೆ ಸಿಕ್ಕಿದ ಎದುರಾಳಿ ರೇಟಿಂಗಿನಲ್ಲಿ ನನಗಿಂತ ಬಹಳ ಮೇಲಿದ್ದ; ಅಂಥವನ ಜೊತೆ ಡ್ರಾ ಆದರೂ ಅಂಕ ಏರುತ್ತದೆ. ಮೇಷ್ಟ್ರು ಬಗ್ಗಿ, “ಡ್ರಾ ಆದ್ರೂ ಸಾಕಮ್ಮ, ನೀನೇ ಮುಂದೆ ಹೋಗ್ತೀಯ” ಅಂದರು. ಆಟ ಶುರು ಮಾಡಿದೆ.

ನಡುವೆ ನೆಟ್ಟು ಒಮ್ಮೆ ನಿಂತಿತು. ಮತ್ತೆ ಬಂದಾಗ ನನ್ನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಕರಗಿತ್ತು. ಆದರೂ ಕೈ ಬಿಡಲಿಲ್ಲ. ಅವನ ಕುದುರೆ ಹೊಡೆದೆ, ಒಂಟೆ ಹೊಡೆದೆ. ಕೊನೆಗೆ ಉಳಿದದ್ದು ನನ್ನ ರಾಜ, ನನ್ನ ಆನೆ. ಅವನ ರಾಜ, ಅವನ ಒಂದು ಸಿಪಾಯಿ. ನನಗೆ ಹದಿನಾಲ್ಕು ಸೆಕೆಂಡು ಇತ್ತು. ಸಿಪಾಯಿ ನನ್ನ ಆನೆಯ ನೇರಕ್ಕೇ ಇತ್ತು, ಕಾಯುವವರು ಯಾರೂ ಇರಲಿಲ್ಲ.

ನಾನು ಹೊಡೆಯಲಿಲ್ಲ. ಯೋಚನೆ ಮಾಡಿ ಬಿಟ್ಟದ್ದಲ್ಲ, ಕೈ ತಾನೇ ಪಕ್ಕಕ್ಕೆ ಹೋಯಿತು. ಆನೆಯಿಂದ ರಾಜನನ್ನು ಮೂಲೆಗೆ ಅಟ್ಟಲು ಹೊರಟೆ. ಒಂಬತ್ತು ಸೆಕೆಂಡು. ಐದು. ಎರಡು. “ಸಿಪಾಯಿ, ಸಿಪಾಯಿ!” ಎಂದು ಮೇಷ್ಟ್ರು ಕಿರುಚಿದರು. ಅಷ್ಟರಲ್ಲಿ ಪರದೆಯ ಮೇಲೆ ನಾನು ಸೋತೆ ಎಂದು ಬಂತು.

“ಅಯ್ಯೋ, ಎಂಥ ಕೆಲಸ ಮಾಡ್ದೆ! ಅದನ್ನ ಹೊಡ್ದಿದ್ರೆ ಅವನ ಹತ್ರ ಬರೀ ರಾಜ ಉಳೀತಿದ್ದ. ಬರೀ ರಾಜನಿಂದ ಯಾರೂ ಗೆಲ್ಲೋಕಾಗಲ್ಲ, ಟೈಮ್ ಮುಗಿದ್ರೂ ಡ್ರಾ ಅಂತ ಕೊಡ್ತಿತ್ತು. ಯಾಕೆ ಬಿಟ್ಟೆ?” ಅಂದರು ಮೇಷ್ಟ್ರು. ಹಿಂದೆ ಮಂಡಿಯವರ ಮಗಳು ನಿಂತಿದ್ದಳು. “ನೋಡ್ಲಿಲ್ಲ ಸಾರ್” ಅಂದೆ.

ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ತಪ್ಪನ್ನು ಯಾರ ಮೇಲಾದರೂ ಹಾಕಲೇಬೇಕಿತ್ತು.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದೇ ನಿಂತಳು. “ಏನಾಯ್ತೇ? ಹೋಗ್ತೀಯಾ ಬೆಂಗ್ಳೂರ್‌ಗೆ?”

“ಎಲ್ಲಿಗೂ ಇಲ್ಲ. ಕೊನೇ ಕಾಯಿ ಹೊಡೀಬಾರ್ದು ಅಂತ ತಲೇಲಿ ತುಂಬಿದ್ಯಲ್ಲ, ಅದನ್ನ ಉಳಿಸ್ದೆ, ಸೋತೆ. ಹೊಡ್ದಿದ್ರೆ ನಾನೇ ಹೋಗ್ತಿದ್ದೆ. ಜಗಲಿ ಮೇಲಿನ ಆಟ ಜಗಲಿಗೇ ಸರಿ!”

ಒಳಗಿಂದ ಅಮ್ಮ “ಬಾಯಿ ಮುಚ್ಚೇ” ಅಂದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಪರದೆಯಲ್ಲಿ ಆಡುವಾಗ ನಿಯಮ ಬೇರೆ ಎಂದು ಅವಳಿಗೆ ಯಾರು ಹೇಳಿದ್ದರು? ಹೇಳಬೇಕಾದವಳು ನಾನು. ಆರು ತಿಂಗಳು ಅಲ್ಲಿ ಕೂತು ಆಡಿದ ನನಗೇ ಆ ನಿಯಮ ಸರಿಯಾಗಿ ಗೊತ್ತಿರಲಿಲ್ಲ.

“ಹಾಗಾದ್ರೆ ನನ್ನಿಂದ್ಲೇ ತಪ್ಪಿಹೋಯ್ತೇನೇ?” ಅಂದಳು. ಗಂಡಸರನ್ನು ಸೋಲಿಸುವಾಗಿನ ಆ ಗತ್ತು ದನಿಯಲ್ಲಿ ಇರಲಿಲ್ಲ; ನಿಜವಾಗಿಯೂ ಕೇಳುತ್ತಿದ್ದಳು.

ಇಲ್ಲ ಅತ್ತೆ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು “ಹೂಂ” ಅಂದುಬಿಟ್ಟೆ.