ಅಂಗಡಿಯವ ಹೊಗಳದ ಗೇಮ್

ಹತ್ತನೇ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಗೇಮ್ ಕನ್ಸೋಲ್ ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ನನಗೆ ಫಸ್ಟ್ ಕ್ಲಾಸ್ ಬರುವುದೇ ಇಲ್ಲ ಎಂಬ ಗಟ್ಟಿ ನಂಬಿಕೆಯಿಂದ ಕೊಟ್ಟ ಮಾತು ಅದು. ಬಂದುಬಿಟ್ಟಿತು. ಫಲಿತಾಂಶ ನೋಡಿ ಅಪ್ಪ ಮೂರು ಸಲ ಕನ್ನಡಕ ಒರೆಸಿದ. ನಾಲ್ಕನೇ ಸಲ, ಬೇರೆ ಯಾರದೋ ರೋಲ್ ನಂಬರ್ ಹೊಡೆದಿಲ್ಲ ತಾನೇ ಎಂದು ಕೇಳಿದ.

ಆ ಕನ್ಸೋಲ್ ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ಅದರ ಜೊತೆ ಒಂದು ಗೇಮ್ ಪುಕ್ಕಟೆ. ಮೂರರಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು: ಫುಟ್‌ಬಾಲ್, ಕಾರ್ ರೇಸ್, ಇಲ್ಲವೆ ಒಕ್ಕಲುತನ. ಒಕ್ಕಲುತನ ಎಂದರೆ ಟ್ರ್ಯಾಕ್ಟರ್ ಹೊಡೆಯುವುದು, ಬಿತ್ತುವುದು, ಬೆಳೆ ಬರುವವರೆಗೆ ಕಾಯುವುದು. ಕಾಯುವುದನ್ನೂ ಆಟ ಎಂದು ಮಾರಿದವನ ತಲೆಗೆ ದೊಡ್ಡ ನಮಸ್ಕಾರ. ನಾಲ್ಕು ಜನ ಕೂಡಿ ಆಡಬಹುದಾದದ್ದು ಫುಟ್‌ಬಾಲ್ ಒಂದೇ. ಉಳಿದೆರಡೂ ಒಬ್ಬನೇ ಕೂತು ಆಡುವಂಥವು.

ನಾನೋ ಆಗಲೇ ಇಡೀ ಬನಹಟ್ಟಿಗೆ ಡಂಗುರ ಹೊಡೆದಾಗಿತ್ತು. ಇಡೀ ಬನಹಟ್ಟಿ ಎಂದರೆ ನಮ್ಮ ಓಣಿಯ ಇಬ್ಬರು ಗೆಳೆಯರು ಮತ್ತು ಪಕ್ಕದ ಹಳ್ಳಿ ಚಿಮ್ಮಡದಿಂದ ಬರುವ ಒಬ್ಬ. ರವಿವಾರ ನಮ್ಮ ಮನೆಯಲ್ಲಿ ಫುಟ್‌ಬಾಲ್ ಟೂರ್ನಮೆಂಟ್, ಗೆದ್ದವರಿಗೆ ಕಪ್. ಕಪ್ಪಿಗಾಗಿ ಅವ್ವನ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದೆ. ಹಿಂದೊಮ್ಮೆ ಡ್ರೋನ್ ತರಿಸುತ್ತೇನೆ ಎಂದು ಹೇಳಿ ತರಿಸದೆ ಹೋದದ್ದಕ್ಕೆ ಆರು ತಿಂಗಳು ಅವರು ನನ್ನ ಹೆಸರನ್ನೇ ಮರೆತು ‘ಡ್ರೋನ್’ ಎಂದು ಕರೆದಿದ್ದರು. ಫುಟ್‌ಬಾಲ್ ಬರದಿದ್ದರೆ ಈ ಸಲ ಏನೆಂದು ಕರೆಯುತ್ತಾರೋ ಎಂಬ ಚಿಂತೆಯಲ್ಲೇ ನಾನು ಎರಡು ಕೆಜಿ ಇಳಿದಿದ್ದೆ.

ತೊಡಕು ಅಪ್ಪನದು. ನಮ್ಮದು ಮಗ್ಗದ ಮನೆ. ಅಪ್ಪ ಸೀರೆ ನೇಯಿಸಿ ಮಾರುವವ. ಅವನದು ಎರಡು ಕಟ್ಟುನಿಟ್ಟಿನ ನಿಯಮ. ವ್ಯಾಪಾರಿ ಹೊಗಳಿದ ಮಾಲು ತೆಗೆದುಕೊಳ್ಳಬಾರದು, ಅದು ಮಾರಿ ಹೋಗದೆ ಉಳಿದ ಮಾಲು. ಸೆರಗು ಬಿಚ್ಚಿ ನೋಡದೆ ಸೀರೆ ಒಯ್ಯಬಾರದು. ಅವ್ವನಿಗೆ ಮಿಕ್ಸರ್ ತಂದಾಗಲೂ ಇದೇ ಕಾನೂನು. ಪಾಪ, ಅದಕ್ಕೆ ಸೆರಗು ಎಲ್ಲಿಂದ ಬರಬೇಕು.

ಹಾಗಾಗಿ ಶುಕ್ರವಾರ ಒಬ್ಬನೇ ಬಸ್ ಹತ್ತಿ ಜಮಖಂಡಿಯ ಅಂಗಡಿಗೆ ಹೋದೆ.

“ಅಣ್ಣಾ, ನಾಳೆ ನಮ್ಮಪ್ಪ ಬರ್ತಾನ. ಕಾರ್ ರೇಸ್ ಭಾಳ ಛಲೋ ಐತಿ ಅಂತ ಹೊಗಳ್ರಿ. ಫುಟ್‌ಬಾಲ್ ಬೈರಿ.”

“ನಿನಗ ಬೇಕಾದ್ದು ಯಾವದಪಾ?” ಎಂದು ಅಂಗಡಿಯವ ಕೇಳಿದ.

“ಫುಟ್‌ಬಾಲ್ ರಿ.”

ಜ್ವರ ನೆತ್ತಿಗೇರಿದವನನ್ನು ನೋಡುವಂತೆ ನನ್ನನ್ನು ನೋಡಿದ. “ಬೇಕಾದ್ದನ್ನ ಬೈಬೇಕೇನು?”

“ಹೂಂ ರಿ. ಗಟ್ಟ್ಯಾಗಿ ಬೈರಿ.”

“ಮತ್ತ ಮೂರನೇದ್ದು?”

“ಅದರ ಸುದ್ದೀನ ತಗೀಬ್ಯಾಡ್ರಿ.”

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಜಾಣತನಕ್ಕೆ ನಾನೇ ಎರಡು ಸಲ ಕೈಕುಲುಕಿಕೊಂಡೆ.

ಶನಿವಾರ ಅಪ್ಪನ ಜೊತೆ ಹೋದೆ. ಅಂಗಡಿಯವ ಮೂರೂ ಡಬ್ಬಿ ಮುಂದಿಟ್ಟು ಶುರು ಮಾಡಿದ. “ಸಾವಕಾರ್ರ, ಈ ಕಾರ್ ರೇಸ್ ಅಂದ್ರ ಬಂಗಾರ ನೋಡ್ರಿ.” ಅಪ್ಪ ಅದನ್ನು ಒಂದು ಬೆರಳಿನಿಂದ ಆಚೆ ತಳ್ಳಿದ. ನನ್ನ ಎದೆಯಲ್ಲಿ ಹಲಗೆ ಬಾರಿಸಿದಂತಾಯಿತು.

“ಈ ಫುಟ್‌ಬಾಲ್ ಮಾತ್ರ ಒಯ್ಯಬ್ಯಾಡ್ರಿ. ಕಸ. ನನ್ನ ವೈರಿಗೂ ಕೊಡೂದಿಲ್ಲ ನಾ ಇದನ್ನ.”

ಗಟ್ಟಿಯಾಗಿ ಬೈಯಿರಿ ಎಂದಿದ್ದೆ, ನಿಜ. ಇಷ್ಟು ಎಂದಿರಲಿಲ್ಲ. ಅಪ್ಪ ಆ ಡಬ್ಬಿಯನ್ನು ತಿರುವಿ ಮುರುವಿ ನೋಡಿ ಕೆಳಗಿಟ್ಟ.

“ಮೂವತ್ತು ವರ್ಷಾತು ಸೀರಿ ಮಾರಾಕತ್ತಿ. ತನ್ನ ಮಾಲು ತಾನ ಬೈಯೋ ಯಾಪಾರಿನ್ನ ಇವತ್ತ ನೋಡಿದ್ನಿ. ಇದರಾಗ ಏನೋ ಐಬು ಐತಿ. ಇನ್ನೊಂದರ ಬಗ್ಗೆ ಏನೂ ಹೇಳವಲ್ರಿ?”

ಅಂಗಡಿಯವ ನನ್ನ ಕಡೆ ನೋಡಿ ಬಾಯಿ ತೆರೆದ, ಮುಚ್ಚಿದ. ಕೊಟ್ಟ ಮಾತಿಗೆ ತಪ್ಪದ ಮನುಷ್ಯ.

“ಯಾಪಾರಿ ಸುಮ್ಮನಿದ್ದಾನಂದ್ರ ಮಾಲು ಛಲೋ ಐತಿ. ಇದನ್ನ ಕೊಡ್ರಿ,” ಎಂದ ಅಪ್ಪ.

“ಅಪ್ಪಾ, ಅದು ಒಕ್ಕಲುತನದ್ದು. ನಮಗ ಹೊಲಾನ ಇಲ್ಲ.”

“ಇಲ್ಲಂತನ ಕಲೀಬೇಕು.”

ಇನ್ನು ಖರೆ ಹೇಳದೆ ಗತಿಯಿರಲಿಲ್ಲ. “ಅಪ್ಪಾ, ಹಂಗ ಹೇಳ್ರಿ ಅಂತ ಇವರಿಗೆ ನಾನ...” ಎನ್ನುವಷ್ಟರಲ್ಲಿ ಅಪ್ಪ ಡಬ್ಬಿ ಹರಿದಾಗಿತ್ತು. ಒಳಗೆ ಡಿಸ್ಕ್ ಇರಲಿಲ್ಲ, ಒಂದು ಕಾರ್ಡ್ ಇತ್ತು. ಅದರ ಬೆಳ್ಳಿ ಬಣ್ಣದ ಪಟ್ಟಿಯ ಕೆಳಗಿನ ನಂಬರನ್ನು ಕನ್ಸೋಲಿಗೆ ಹಾಕಿದರೆ ಗೇಮ್ ಇಳಿಯುತ್ತದೆ. ಅಪ್ಪ ಆ ಪಟ್ಟಿಗೆ ಉಗುರು ಹಚ್ಚಿದ.

“ಸಾವಕಾರ್ರ, ಕೆರೀಬ್ಯಾಡ್ರಿ. ಕೆರದ್ರ ವಾಪಸ್ ತಗೊಳ್ಳಾಕ ಬರೂದಿಲ್ಲ.”

“ಸೆರಗ ಬಿಚ್ಚಿ ನೋಡಲಾರದ ಸೀರಿ ಒಯ್ಯತಾರೇನ್ರಿ?” ಎಂದು ಅಪ್ಪ ಕೊನೆಯ ನಂಬರಿನವರೆಗೂ ನೀಟಾಗಿ ಕೆರೆದ. ಆಮೇಲೆ ನನ್ನ ಕಡೆ ತಿರುಗಿದ. “ಏನೋ ಹೇಳಾಕತ್ತಿದ್ದಿ?”

“ಏನಿಲ್ಲ,” ಎಂದೆ.

ರವಿವಾರ ಮೂವರೂ ಬಂದರು. ಒಬ್ಬ ಜರ್ಸಿ ಹಾಕಿಕೊಂಡೇ ಬಂದಿದ್ದ. ಟೀವಿಯ ಪರದೆಯ ಮೇಲೆ ಟ್ರ್ಯಾಕ್ಟರ್ ನಿಂತಿತ್ತು.

“ಲೇ, ಫುಟ್‌ಬಾಲ್ ಎಲ್ಲಿ?” ಎಂದ ಜರ್ಸಿಯವ.

“ಮೊದಲ ಗ್ರೌಂಡ್ ತಯಾರ ಮಾಡಬೇಕಲೇ. ಹೊಲ ಹರಗಬೇಕು, ಹುಲ್ಲ ಬೆಳಸಬೇಕು. ಇದು ಹೊಸಾ ಟೆಕ್ನಾಲಜಿ.”

ದೇವರಾಣೆ, ಇಪ್ಪತ್ತು ನಿಮಿಷ ನಂಬಿದರು. ಚಿಮ್ಮಡದ ಗೆಳೆಯನದು ಕಬ್ಬಿನ ಹೊಲದ ಮನೆ. ಅವನು ನನ್ನ ಕೈಯಿಂದ ರಿಮೋಟ್ ಕಸಿದುಕೊಂಡ. “ಕೊಡಿಲ್ಲೆ. ಸಾಲ ಡೊಂಕ ಮಾಡೀದಿ. ನಮ್ಮಪ್ಪ ನೋಡಿದ್ರ ಬಾರಕೋಲ ತಗೋತಿದ್ದ.”

ಜರ್ಸಿಯವ ಎದ್ದ. “ಗೋಧಿ ಬೆಳದ ಮ್ಯಾಲ ಗೋಲ್ ಹೊಡಿತೀಯೇನೋ ಗೌಡಾ? ನಡೀಲೇ, ಸಾಲಿ ಗ್ರೌಂಡಿಗಿ ಹೋಗೂಣು.” ಓಣಿಯ ಇಬ್ಬರೂ ಹೋದರು. ಹೋಗುತ್ತ ಕಪ್ ಎಂದು ತಂಬಿಗೆಯನ್ನೂ ಒಯ್ದರು. ಮೆಟ್ಟಿಲಿಳಿಯುವಾಗಲೇ “ಗೌಡಾ, ಬರ್ತೇವಪಾ” ಎಂದು ಇಬ್ಬರೂ ಕೂಡಿ ಕೂಗಿದರು. ಹೊಲವಿಲ್ಲದ ಗೌಡ ಬನಹಟ್ಟಿಯಲ್ಲಿ ನಾನೊಬ್ಬನೇ ಇರಬೇಕು.

ಚಿಮ್ಮಡದವ ಮಾತ್ರ ಏಳಲಿಲ್ಲ. ನಾನೂ ಒಂದು ಕೈ ಆಡುತ್ತೇನೆ ಎಂದು ಕೇಳಿದರೆ, ಮೊದಲು ಬಿತ್ತಿಗೆ ಮುಗಿಯಲಿ ಎಂದ. ಅಷ್ಟರಲ್ಲಿ ಮಗ್ಗದ ಕೋಣೆಯಿಂದ ಅಪ್ಪ ಬಂದು ಅವನ ಬೆನ್ನ ಹಿಂದೆ ನಿಂತ.

“ತಮ್ಮಾ, ಇದು ಕೊಯ್ಯಾಕ ಬರಾಕ ಎಷ್ಟ ದಿನ ಹಿಡಿತೈತಿ?”

“ನಾಕ ತಿಂಗಳ ರಿ ಕಾಕಾ.”

ಅಪ್ಪ ಕುರ್ಚಿ ಎಳೆದುಕೊಂಡು ಕೂತ. “ಇವನಿಗೆ ಚಾ ತಗೊಂಬಾ, ಹೋಗು,” ಎಂದು ನನಗೆ ಹೇಳಿದ.