ಎಂಟರ ಜಾಗದಲ್ಲಿ ಒಂದು

ನನ್ನ ಹೆಂಡತಿಗೆ ನೋವಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದೂ, ಏನೂ ಆಗುವುದಿಲ್ಲ ಎಂದು ಹೇಳಿ ಅವಳನ್ನು ಆ ಕೋಣೆಯೊಳಗೆ ಕಳಿಸಿದವನು ನಾನು. ಅವಳು ಅಳುತ್ತಾ ಹೊರಗೆ ಬಂದಾಗ ಅವಳನ್ನೇ ಗದರಿದವನೂ ನಾನೇ. ಹೋದ ವಾರದವರೆಗೂ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗಣಿತ ಹೇಳಿಕೊಟ್ಟವನು ನಾನು. ಕಾಪಿ ಹೊಡೆದವರಿಗೆ ಮುಲಾಜಿಲ್ಲದೆ ಸೊನ್ನೆ ಕೊಡುತ್ತಿದ್ದೆ, ಅದಕ್ಕೇ ಹೆಸರಾಗಿದ್ದೆ. ನನ್ನ ಶಿಷ್ಯ ಗಿರೀಶ ಈಗ ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಡಾಕ್ಟರು. ಎರಡೂವರೆ ವರ್ಷದ ಹಿಂದೆ ನನ್ನ ಹೊಟ್ಟೆ ಕೆಟ್ಟಾಗ ಕೊಲೊನೋಸ್ಕೋಪಿ ಮಾಡಿಸಿ ಎಂದ — ಹಿಂದಿನಿಂದ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಕೊಡುವುದು ಸ್ವಲ್ಪ ಮಂಪರು ಮಾತ್ರ, ಎಚ್ಚರ ಇದ್ದೇ ಇರುತ್ತದೆ. ಕೊಳವೆ ಮುಂದೆ ಸಾಗಬೇಕಾದರೆ ಕರುಳು ತೆರೆದುಕೊಳ್ಳಬೇಕು. ಅದಕ್ಕೆ ಗಾಳಿ ತುಂಬುವುದು ಹಳೆಯ ಪದ್ಧತಿ. ಉಗುರುಬೆಚ್ಚಗಿನ ನೀರು ಬಿಡುವುದು ಇನ್ನೊಂದು. ಯಾವುದರಲ್ಲಿ ನೋವು ಕಡಿಮೆ ಎಂದು ಗಿರೀಶ ಆಗ ಹೋಲಿಸಿ ನೋಡುತ್ತಿದ್ದ. ನಮಗೆ ಯಾವುದು ಬಂತೆಂದು ಹೇಳುವುದಿಲ್ಲ. ಮುಗಿದ ಮೇಲೆ ಸೊನ್ನೆಯಿಂದ ಹತ್ತರೊಳಗೆ ನೋವಿಗೊಂದು ಅಂಕಿ ನಾವು ಹೇಳಬೇಕು. ಶಿಷ್ಯನ ಕೆಲಸವಲ್ಲವೇ ಎಂದು ಖುಷಿಯಿಂದ ಸಹಿ ಹಾಕಿದೆ.

ನೋವಾಯಿತು. ಹೊಟ್ಟೆಯೊಳಗೆ ಬಲೂನು ಊದಿ ತಿರುಚಿದ ಹಾಗೆ ನೋವಾಯಿತು. ಹೊದಿಕೆಯ ಅಂಚನ್ನು ಕಚ್ಚಿ ಹಿಡಿದಿದ್ದೆ. ಪ್ರಾಮಾಣಿಕವಾಗಿ ಹೇಳಿದ್ದರೆ ಎಂಟು. ಆದರೆ ನರ್ಸು ಕಾಗದ ಹಿಡಿದು ಬಂದಾಗ ಗಿರೀಶ ಅಲ್ಲೇ ನಿಂತಿದ್ದ — ಪೇಪರ್ ಹಂಚುವಾಗ ನಿಲ್ಲುತ್ತಿದ್ದ ಹುಡುಗರ ಹಾಗೆ, ಎಷ್ಟು ಬಂತೋ ಎಂಬ ಮುಖ ಮಾಡಿಕೊಂಡು. ಎಂಟು ಎಂದು ಇವನಿಗೆ ನಾನು ಕಡಿಮೆ ಮಾರ್ಕು ಹಾಕುವುದೇ? ನನ್ನ ತಲೆ ಹಾಗೆ ಓಡಿತು. ಅಷ್ಟೇ ಅಲ್ಲ, ಇದನ್ನೂ ಮುಚ್ಚಿಡಬಾರದು — ಬೆತ್ತದಲ್ಲಿ ಹೊಡೆದು "ಅಳಬಾರದು ಕಣೋ" ಎನ್ನುತ್ತಿದ್ದ ಮೇಷ್ಟ್ರು ನಾನು, ಹೊಡೆಸಿಕೊಂಡವನ ಮುಂದೆಯೇ ಎಂಟು ಎನ್ನಬೇಕಿತ್ತು. ಸೊನ್ನೆ ಅಂದರೆ ಸುಳ್ಳೆಂದು ಗೊತ್ತಾಗುತ್ತದೆ.

"ಒಂದು ಹಾಕಮ್ಮ," ಎಂದೆ.

"ಸೂಪರ್ ಸಾರ್ ನೀವು!" ಎಂದ ಗಿರೀಶ. ನಾನು ಬೀಗಿದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಅದು ಅಲ್ಲಿಗೇ ಮುಗಿದಿದ್ದರೆ ನನ್ನ ನೋವು ನನಗಿರಲಿ ಎನ್ನಬಹುದಿತ್ತು. ಆರು ತಿಂಗಳಾಗುವಷ್ಟರಲ್ಲಿ ಸುಶೀಲಳಿಗೆ — ನನ್ನ ಹೆಂಡತಿಗೆ — ಮಲದಲ್ಲಿ ರಕ್ತ ಹೋಗತೊಡಗಿತು. ಮತ್ತೆ ಗಿರೀಶನ ಹತ್ತಿರವೇ ಹೋದೆವು. ಅಷ್ಟರಲ್ಲಿ ಅವನ ಹೋಲಿಕೆ ಮುಗಿದಿತ್ತು.

"ಅಮ್ಮಾ, ಬೇಕಾದ್ರೆ ಪೂರ್ತಿ ನಿದ್ದೆ ಬರಿಸಿ ಮಾಡೋಣ. ಇಲ್ಲಾಂದ್ರೆ ಸ್ವಲ್ಪ ಮಂಪರು ಕೊಟ್ಟು ನೀರಲ್ಲಿ ಮಾಡ್ತೀನಿ. ಸ್ವಲ್ಪ ನಿಧಾನ, ಆದ್ರೆ ಗಾಳಿಗಿಂತ ಆರಾಮ ಅಂತ ತುಂಬಾ ಜನ ಹೇಳಿದಾರೆ," ಎಂದು ನನ್ನ ಕಡೆ ತಿರುಗಿ ನಕ್ಕ. "ಸಾರ್‌ಗೆ ಮಾತ್ರ ಗಾಳೀನೇ ಬಂದಿತ್ತು. ಆದ್ರೂ ಒಂದು ಅಂದ್ರು!"

ಅಂದರೆ ಅವನಿಗೆ ಉಪಕಾರ ಮಾಡಲು ಹೋಗಿ ಅವನ ಲೆಕ್ಕವನ್ನೇ ಕೆಡಿಸಿದ್ದೆ. ಬಾಯಿ ಬಿಡಬೇಕಾಗಿದ್ದದ್ದು ಆಗಲೇ. ಒಂದೇ ಒಂದು ಮಾತು — ಇಲ್ಲಪ್ಪ, ಅವತ್ತು ಸುಳ್ಳು ಹೇಳಿದೆ. ಸುಶೀಲ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀರೂ ಬೇಡ, ನಿದ್ದೇನೂ ಬೇಡ. ನನಗೆ ಮಾಡಿದ ಹಾಗೇ ಮಾಡಯ್ಯ. ಏನೂ ಆಗಲ್ಲ," ಎಂದೆ.

ಗಿರೀಶ ಅನುಮಾನಿಸಿದ. ಆದರೆ ಮೇಷ್ಟ್ರಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಆ ಅಭ್ಯಾಸ ತಪ್ಪಿಸಿದವನೂ ನಾನೇ. ಸುಶೀಲಳನ್ನೇ ಕೇಳಿದ. "ಅವರು ಹೇಳಿದ ಹಾಗೇ ಆಗ್ಲಪ್ಪ," ಎಂದಳು ಸುಶೀಲ.

ಬಾಗಿಲಿನ ಆಚೆಯಿಂದ ಅವಳ ದನಿ ಕೇಳಿಸಿತು. "ಸಾಕು, ತೆಗೀರಪ್ಪಾ, ತೆಗೀರಿ..." ಅರ್ಧ ದಾರಿಯೂ ಸಾಗದೆ ನಿಲ್ಲಿಸಬೇಕಾಯಿತು. ಉಳಿದ ಭಾಗವನ್ನು ನೋಡಲೇಬೇಕು, ಮುಂದಿನ ವಾರ ನಿದ್ದೆ ಬರಿಸಿಯೇ ಮಾಡೋಣ ಎಂದ ಗಿರೀಶ. ನಾನೇನು ಮಾಡಿದೆ? ನರ್ಸಿನ ಎದುರಿಗೇ ಹೇಳಿದೆ: "ಅಷ್ಟಕ್ಕೇ ಅತ್ಬಿಟ್ಯಲ್ಲೇ? ನನಗೂ ಮಾಡಿದ್ರಲ್ಲ!"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೆ ತಡ್ಕೊಳೋ ಶಕ್ತಿ ಇಲ್ಲ ಕಣ್ರೀ."

ಆ ಮುಂದಿನ ವಾರ ಬರಲೇ ಇಲ್ಲ. ಮತ್ತೆ ಆ ಹುಡುಗನ ಮುಂದೆ ಮರ್ಯಾದೆ ಕಳೆದುಕೊಳ್ಳುವುದಿಲ್ಲ ಎಂದು ಕೂತುಬಿಟ್ಟಳು. ಮದುವೆಮನೆಯಲ್ಲಿ, ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ "ನಮ್ಮೆಜಮಾನ್ರು ಗಟ್ಟಿ, ನಾನೇ ಪುಕ್ಕಲಿ" ಎಂದು ನಗುತ್ತಾ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಮನೆಗೆ ಬಂದು ಹಟಮಾರಿ, ಹೇಳಿದ ಮಾತು ಕೇಳಲ್ಲ ಎಂದು ಅವಳ ಮೇಲೇ ರೇಗುತ್ತಿದ್ದೆ. ಅವಳ ಹಟಕ್ಕೆ ಕಾರಣ ಯಾರೆಂದು ಗೊತ್ತಿದ್ದೂ — ಇದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಹೋದ ವಾರ, ಅತ್ತಿಗುಪ್ಪೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತಳು. ಮುಖ ಬಿಳಿಚಿಕೊಂಡಿತ್ತು. ನಡುವೆ ನಿಂತಿದ್ದ ರಕ್ತ ಮತ್ತೆ ಹೋಗುತ್ತಿದೆ, ನಿಮಗೆ ಹೇಳಿರಲಿಲ್ಲ ಎಂದಳು. ನಾನೂ ಅದೇ ಮೆಟ್ಟಿಲ ಮೇಲೆ ಕೂತೆ.

"ಅವತ್ತು ನನಗೆ ಎಂಟು ನೋವಾಗಿತ್ತು ಕಣೇ. ಒಂದು ಅಂತ ಸುಳ್ಳು ಹೇಳ್ದೆ. ಗೊತ್ತಿದ್ದೂ ನಿನ್ನ ಕಳಿಸ್ದೆ."

ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನರ್ಸು ನನ್ನೂ ಕೇಳಿದ್ಲು," ಎಂದಳು. "ಏಳು ಅಂದೆ. ನಿಮ್ಮದು ಒಂದು, ನಂದು ಏಳು... ಅತಿಯಾಗಿ ಆಡ್ಬಿಟ್ನೇನೋ ಅಂತ ಎರಡು ವರ್ಷದಿಂದ ನಾಚಿಕೆ ಪಟ್ಕೊಂಡಿದೀನಿ ನಾನು."

ಆಮೇಲೆ ನನ್ನ ಫೋನು ಇಸಿದುಕೊಂಡು ತಾನೇ ಗಿರೀಶನಿಗೆ ಮಾಡಿದಳು. ಪೂರ್ತಿ ನಿದ್ದೆ ಬರಿಸಿಯೇ ಮಾಡಬೇಕು ಎಂದಳು. ಅವಳ ಮಾತು ಮುಗಿದ ಮೇಲೆ ನಾನು ಫೋನು ತೆಗೆದುಕೊಂಡು ಅವನಿಗೂ ನಿಜ ಹೇಳಿದೆ. "ಸರಿ ಸಾರ್," ಎಂದಷ್ಟೇ ಅಂದ.

ನಾಳೆ ಬೆಳಗ್ಗೆ ಹೋಗಬೇಕು. ಒಳಗೆ ಏನಿದೆಯೋ ಗೊತ್ತಿಲ್ಲ. ಏನಾದರೂ ಇದ್ದರೆ, ಎರಡು ವರ್ಷ ಅದನ್ನು ಬೆಳೆಯಲು ಬಿಟ್ಟವನು ನಾನು. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ, ಹುಡುಕುವುದೂ ಇಲ್ಲ. ನಾನೂ ಬರುತ್ತೇನೆ, ಹೊರಗಡೆ ಕೂತಿರುತ್ತೇನೆ ಎಂದು ಈಗಷ್ಟೇ ಕೇಳಿಕೊಂಡೆ. ಅವಳು ಆಸ್ಪತ್ರೆಯ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದಳು.

"ಬೇಡ, ತಂಗಿ ಬರ್ತಾಳೆ," ಎಂದಳು. "ನೀವಿದ್ರೆ ಎಚ್ಚರ ಆದ್ಮೇಲೆ ಎಷ್ಟೇ ನೋವಿದ್ರೂ ನಾನು ಪರವಾಗಿಲ್ಲ ಅಂದ್ಬಿಡ್ತೀನಿ."