ಹನ್ನೆರಡು ಜೊತೆ ಕಾಲು, ಒಂದು ಕೊಡ ನೀರು

ಕೊಡ ತೂತು ಬೀಳಬಹುದಿತ್ತು. ಟ್ಯಾಂಕರ್ ಬಾರದೇ ಹೋಗಬಹುದಿತ್ತು. ಮಂಡಿಯೂರಿದ ಪಾಸ್ಟರ್ ಮೇಲೇಳಲಾಗದೆ ಅಲ್ಲೇ ಉಳಿಯಬಹುದಿತ್ತು. ಯಾರಿಗಾದರೂ ಅಂಗಾಲಲ್ಲಿ ಕಚಗುಳಿಯಾಗಿ ಅವರ ಎದೆಗೆ ಒದ್ದುಬಿಡಬಹುದಿತ್ತು. ಓಣಿಯ ಜನ ಖಾಲಿ ಕೊಡ ಹಿಡಿದು ಒಳನುಗ್ಗಿ, "ನಮಗ ಕುಡೀಲಿಕ್ಕಿಲ್ಲ, ನೀವು ಕಾಲ್ ತೊಳಕೋತ ಕುಂತೀರಿ?" ಅನ್ನಬಹುದಿತ್ತು. ಇದನ್ನೆಲ್ಲ ಯೋಚಿಸಿ ಯೋಚಿಸಿ ವಾರದಿಂದ ನನಗೆ ಊಟ ಸೇರಿರಲಿಲ್ಲ.

ಉದಗೀರದಲ್ಲಿ ಸತತ ಬರ. ಶುಭ ಶುಕ್ರವಾರದ ಹಿಂದಿನ ಸಂಜೆ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ನಮ್ಮ ಚರ್ಚಿನಲ್ಲಿ ಪಾಸ್ಟರ್ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಆ ಮಂದಿಯನ್ನು ಆರಿಸುವುದು ನನ್ನ ಕೆಲಸ. ನೀರು ಒಂದೇ ಕೊಡ. ನಾನೊಂದು ಉಪಾಯ ಹೂಡಿದೆ: ಮೊದಲೇ ಸ್ವಚ್ಛ ಇರುವ ಕಾಲುಗಳನ್ನೇ ಆರಿಸಿದರಾಯಿತು!

ಆ ವಾರವೆಲ್ಲ ನಾನು ಯಾರ ಮುಖವನ್ನೂ ನೋಡಲಿಲ್ಲ. ಬೂಟು ಹಾಕುವವರಿಗೆ ಮೊದಲ ಮಣೆ. ಜಳಕೋಟದ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಹೀಗೆ ಹತ್ತು ಮಂದಿಯಾದ ಮೇಲೆ ನನ್ನದೊಂದು ಹೆಸರು. ಅದಕ್ಕೆಂದೇ ಬಜಾರದಲ್ಲಿ ಹೊಸ ಕರಿ ಸಾಕ್ಸ್ ಕೊಂಡೆ.

ಚರ್ಚಿನ ಕಸ ಗುಡಿಸುವಾಕೆ, ಚಿಕ್ಕಮ್ಮ ಅನ್ನುವ ಹಾಗೆ ನಾವೆಲ್ಲ ಮಾವಶಿ ಅಂತ ಕರೆಯುವಾಕೆ, ಬಂದು ಕೇಳಿದಳು. "ತಮ್ಮಾ, ಒಂದ್ ಜಾಗಾ ಉಳದದಂತಲ್ಲ. ಹುಟ್ಟಿದಾಗಿಂದ ನಾನೇ ಎಲ್ಲಾರ್‍ದೂ ತೊಳದೀನಿ. ನನ್ನ ಕಾಲ್ ಯಾರೂ ಮುಟ್ಟಿಲ್ಲ. ಒಮ್ಮೆ ಕುಂದ್ರತೀನಿ."

ನಾನು ಆಕೆಯ ಕಾಲು ನೋಡಿದೆ. ಬಿರುಕು ಬಿಟ್ಟ ಹಿಮ್ಮಡಿ, ಒಳಗೆಲ್ಲ ಎರಿಮಣ್ಣು. ಅರ್ಧ ಕೊಡ ಇಲ್ಲೇ ಹೋಯಿತು ಅಂತ ಲೆಕ್ಕ ಹಾಕಿ, "ಮುಂದಿನ ವರ್ಷ ನೋಡೋಣು, ಮಾವಶಿ" ಅಂದೆ. ದೇವರು ಹೊರಗಿನ ರೂಪ ನೋಡುವುದಿಲ್ಲ ಅಂತ ಮಕ್ಕಳಿಗೆ ಪ್ರತಿ ಭಾನುವಾರ ಕಲಿಸುವವನು ನಾನೇ. ಕಾಲಿನ ಬಗ್ಗೆ ಆ ಪಾಠದಲ್ಲಿ ಏನೂ ಇರಲಿಲ್ಲ.

ಆ ಕೊಡವನ್ನು ಸರದಿಯಲ್ಲಿ ನಿಂತು ತುಂಬಿ ತಂದವಳೂ ಮಾವಶಿಯೇ.

ಅಂಥ ಸ್ವಚ್ಛ ಕಾಲು ಇನ್ನೊಂದು ಜೊತೆ ಸಿಗದೆ, ಸಂಜೆ ಹನ್ನೆರಡನೆಯ ಕುರ್ಚಿ ಖಾಲಿಯೇ ಇತ್ತು. ಪಾಸ್ಟರ್ ಬಾಗಿಲ ಕಡೆ ತಿರುಗಿ, "ಬಾ ಮಾವಶಿ, ಕೂಡು" ಅಂದುಬಿಟ್ಟರು. ಆಕೆ ನನ್ನ ಪಕ್ಕವೇ ಬಂದು ಕೂತಳು.

ಹತ್ತು ಜೊತೆ ಕಾಲು ಸಲೀಸಾಗಿ ಮುಗಿದವು. ನಾನು ಸಾಕ್ಸ್ ಬಿಚ್ಚಿದೆ. ಬಿಸಿಲಿಗೆ, ಬೆವರಿಗೆ ಅದರ ಕರಿ ಬಣ್ಣವೆಲ್ಲ ಬಿಟ್ಟು ನನ್ನ ಕಾಲು ರೊಟ್ಟಿ ಹಂಚಿನ ಹಾಗೆ ಕಂಡವು. ಪಾಸ್ಟರ್ ನೀರು ಹೊಯ್ದರು. ಮತ್ತೆ ಹೊಯ್ದರು. ಗಾಬರಿಯಲ್ಲಿ ನಾನೂ ಕೈ ಹಾಕಿ ತಿಕ್ಕಿದೆ. ಕೊಡ ಬರಿದಾಯಿತು.

ಎಲ್ಲರೂ ಮಾವಶಿಯ ಕಡೆ ನೋಡಿದರು. ಆಕೆ ಚೀಲದಿಂದ ತನ್ನ ಕುಡಿಯುವ ನೀರಿನ ಬಾಟಲಿ ತೆಗೆದಳು. "ಅರ್ಧ ಹಾಕ್ರಿ. ಅರ್ಧ ಇಡ್ರಿ, ನೀರಡಿಕ್ಯಾಗ್ಯದ."

ಪಾಸ್ಟರ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ನೀವೇ ತೊಳೀರಿ."

ಮಂಡಿಯೂರಿದೆ. ಆಕೆಯ ಬಿರುಕುಗಳಲ್ಲಿ ಒಂದು ಚೂರೂ ಮಣ್ಣಿರಲಿಲ್ಲ. "ಎರಡ್ ದಿನಾ ಒಣಾ ಇಟ್ಟಂಗಿಲೇ ತಿಕ್ಕೀನಿ," ಅಂದಳು ಮೆಲ್ಲಗೆ. "ಯಾರರೇ ಬರ್ಲಿಲ್ಲಂದ್ರ ಇರ್ಲಿ ಅಂತ."

ಕೊಡ ತೂತು ಬೀಳಲಿಲ್ಲ. ಯಾರೂ ಒದೆಯಲಿಲ್ಲ, ಯಾರೂ ಒಳನುಗ್ಗಲಿಲ್ಲ. ಆದದ್ದು ಇಷ್ಟೇ: ಆ ಸಂಜೆಯ ಅತ್ಯಂತ ಸ್ವಚ್ಛವಾದ ಹಿಮ್ಮಡಿಯ ಮೇಲೆ ನನ್ನ ನಾಲ್ಕು ಬೆರಳು ಕಪ್ಪಗೆ ಮೂಡಿದವು.

ಮಾವಶಿ ಕಾಲು ತಿರುವಿ ನೋಡಿಕೊಂಡಳು. "ತೊಳೀ ಅಂದ್ರ ಟಪಾಲ್ ಕಚೇರಿ ಶಿಕ್ಕಾ ಹೊಡದಿ ನೋಡು, ತಮ್ಮಾ!"